ಬರೆದದ್ದನ್ನು ತಿದ್ದುವುದೂ ಒಂದು ಅಮಾನತ್

ಬೀದರ ನಗರದ ಮಹಮೂದ್ ಗಾವಾನ್ ಮದ್ರಸಾವನ್ನು ನೋಡಲು ಬರುವವರು ಉಳಿದಿರುವ ಮಿನಾರನ್ನೂ ಅದರ ಬಣ್ಣದ ಹೆಂಚುಗಳನ್ನೂ ಕಂಡು ಬೆರಗಾಗುತ್ತಾರೆ. 1472ರಲ್ಲಿ ಈ ವಿದ್ಯಾಲಯವನ್ನು ಕಟ್ಟಿಸಿದ ಬಹಮನಿ ರಾಜ್ಯದ ಪ್ರಧಾನರು ಸ್ವತಃ ಗ್ರಂಥಕರ್ತರಾಗಿದ್ದರೆಂಬುದು ಅನೇಕರಿಗೆ ತಿಳಿಯದು. ಪತ್ರಲೇಖನ ಕಲೆಯ ಕುರಿತು 'ಮನಾಝಿರುಲ್ ಇನ್ಶಾ' ಎಂಬ ಪಾರ್ಸಿ ಗ್ರಂಥವನ್ನು ಅವರು ರಚಿಸಿದರು. ಅವರ ಪತ್ರಗಳ ಸಂಕಲನ 'ರಿಯಾಝುಲ್ ಇನ್ಶಾ' ಇಂದಿಗೂ ಉಳಿದಿದೆ. ಇಂತಹ ಲೇಖಕರ ಪ್ರಾಣಕ್ಕೆ ಎರವಾದದ್ದು ಒಂದು ಸುಳ್ಳು ಪತ್ರ. ವಿರೋಧಿಗಳು ಖಾಲಿ ಹಾಳೆಯೊಂದರ ಮೇಲೆ ಅವರ ಮೊಹರನ್ನು ಒತ್ತಿಸಿಕೊಂಡು, ರಾಜದ್ರೋಹದ ಮಾತುಗಳನ್ನು ತಾವೇ ಬರೆದು ಸುಲ್ತಾನನಿಗೆ ತೋರಿಸಿದರೆಂದು ಇತಿಹಾಸಕಾರರು ದಾಖಲಿಸಿದ್ದಾರೆ. 1481ರಲ್ಲಿ ಅವರ ವಧೆಯಾಯಿತು.

ಗಾವಾನರ ಮೊಹರನ್ನು ಅನ್ಯರು ವಂಚನೆಯಿಂದ ಒತ್ತಿದರು. ನಾವಾದರೋ ನಮ್ಮ ಹೆಸರಿನ ಮೊಹರನ್ನು ನಾವೇ ಪರಿಶೀಲಿಸದ ಬರಹದ ಮೇಲೆ ಒತ್ತುತ್ತಿದ್ದೇವೆ. ಧರ್ಮದ ಕುರಿತು ಕನ್ನಡದಲ್ಲಿ ಬರೆಯುವವರು ಹೆಚ್ಚುತ್ತಿರುವುದು ಸಂತೋಷದ ಸಂಗತಿ. ಆದರೆ ಬರೆಯುವ ಉತ್ಸಾಹದಷ್ಟು ತಿದ್ದುವ ತಾಳ್ಮೆ ನಮ್ಮಲ್ಲಿ ಬೆಳೆದಿದೆಯೇ?

ಇದನ್ನು ಅನ್ಯರ ಮೇಲಿನ ಆಕ್ಷೇಪವಾಗಿ ಹೇಳುತ್ತಿಲ್ಲ. ವಿದ್ಯೆಯ ಮಹತ್ವದ ಕುರಿತು ಕಿರುಪುಸ್ತಕವೊಂದನ್ನು ಬರೆದಾಗ, ವಿದ್ವಾಂಸನ ಶಾಯಿಯು ಹುತಾತ್ಮನ ರಕ್ತಕ್ಕಿಂತ ಶ್ರೇಷ್ಠವೆಂಬ ಮಾತನ್ನು ಪ್ರವಾದಿವಚನವೆಂದು ನಂಬಿ ಮೊದಲ ಪುಟದಲ್ಲೇ ಇರಿಸಿದ್ದೆ. ಬಾಲ್ಯದಿಂದ ಭಾಷಣಗಳಲ್ಲಿ ಕೇಳಿದ ಮಾತದು. ಎರಡನೆಯ ಬಾರಿ ತಿದ್ದಲು ಕುಳಿತು ಮೂಲವನ್ನು ಹುಡುಕಿದಾಗ, ಹದೀಸ್ ವಿದ್ವಾಂಸರು ಅದನ್ನು ಪ್ರವಾದಿವರ್ಯರ(ಸ) ಮಾತೆಂದು ಒಪ್ಪಿಲ್ಲವೆಂಬುದು ತಿಳಿಯಿತು. ನನ್ನ ಪುಸ್ತಕದ ಅತ್ಯಂತ ಸುಂದರ ವಾಕ್ಯವೇ ಅಳಿಸಿಹೋಯಿತು. ಅಂದು ನೋವಾದದ್ದು ನಿಜ. ಆದರೆ ತಮ್ಮ ಹೆಸರಿನಲ್ಲಿ ಉದ್ದೇಶಪೂರ್ವಕವಾಗಿ ಸುಳ್ಳು ಹೇಳುವವನ ನೆಲೆ ನರಕವೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ. ತಿಳಿಯದೆ ಬರೆದದ್ದನ್ನು ತಿಳಿದ ಬಳಿಕವೂ ಉಳಿಸಿಕೊಂಡರೆ ಅದು ಅಜ್ಞಾನವೆನಿಸದು.

ತಿದ್ದುವುದು ನಮ್ಮ ಪರಂಪರೆಗೆ ಹೊಸದಲ್ಲ. ದಿವ್ಯವಾಣಿಯನ್ನು ಬರೆದುಕೊಳ್ಳುತ್ತಿದ್ದ ಝೈದ್ ಬಿನ್ ಸಾಬಿತ್‌(ರ)ರಿಂದ ಪ್ರವಾದಿವರ್ಯರು(ಸ) ಬರೆದದ್ದನ್ನು ಓದಿಸಿ, ಏನಾದರೂ ಬಿಟ್ಟುಹೋಗಿದ್ದರೆ ಸರಿಪಡಿಸುತ್ತಿದ್ದರೆಂಬ ವರದಿಯಿದೆ. ಉರ್ವಾ ಬಿನ್ ಝುಬೈರ್‌ರು ತಮ್ಮ ಮಗನಿಗೆ, ಮೂಲದೊಂದಿಗೆ ಹೋಲಿಸಿ ನೋಡದಿದ್ದರೆ ನೀನು ಬರೆದೇ ಇಲ್ಲವೆಂಬ ಅರ್ಥದ ಮಾತನ್ನು ಹೇಳಿದ್ದರಂತೆ. ಬರವಣಿಗೆಗೆ ಇದಕ್ಕಿಂತ ಕಠಿಣವೂ ಇದಕ್ಕಿಂತ ಸರಳವೂ ಆದ ನಿಯಮ ಇನ್ನೊಂದಿಲ್ಲ.

ನಮ್ಮ ಸೀಮೆಯವರಿಗೆ ಇನ್ನೊಂದು ಹೊಣೆಯಿದೆ. ಬೀದರ, ಭಾಲ್ಕಿ, ಔರಾದ್ ಕಡೆಯ ಅನೇಕ ಮುಸ್ಲಿಮ್ ಮನೆಗಳ ಮಾತು ದಖ್ಖನಿ. 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಈ ನೆಲದಲ್ಲಿ ನಮ್ಮ ಹಿರಿಯರ ಧಾರ್ಮಿಕ ಓದು ಉರ್ದುವಿನಲ್ಲೇ ನಡೆಯಿತು. ಹೀಗಾಗಿ ನಮ್ಮ ಮೊದಲ ಕರಡು ಉರ್ದುವಿನಲ್ಲಿ ಯೋಚಿಸಿ ಕನ್ನಡದಲ್ಲಿ ನಿಂತಿರುತ್ತದೆ. 'ತಕ್ವಾ'ವನ್ನು ಬರಿಯ ಭಯವೆಂದರೆ ಓದುಗನು ಅಲ್ಲಾಹನಿಂದ ದೂರ ಸರಿಯುತ್ತಾನೆ. ಬರಿಯ ಭಕ್ತಿಯೆಂದರೆ ಎಚ್ಚರದ ಅರ್ಥ ಕಳೆದುಹೋಗುತ್ತದೆ. ಬರೆದದ್ದನ್ನು ಒಬ್ಬ ಆಲಿಮರಿಗೂ, ಧರ್ಮದ ಪರಿಚಯವಿಲ್ಲದ ಒಬ್ಬ ಕನ್ನಡಿಗ ನೆರೆಯವರಿಗೂ ಗಟ್ಟಿಯಾಗಿ ಓದಿ ಹೇಳಿದಾಗಲೇ ಇಂತಹ ಕೊರತೆಗಳು ಕಾಣುತ್ತವೆ.

ನಮ್ಮೂರಿನ ಬಿದ್ರಿ ಕುಶಲಕರ್ಮಿಗಳನ್ನು ನೋಡಿರಿ. ಸತು ಮತ್ತು ತಾಮ್ರದ ಮಿಶ್ರಲೋಹವನ್ನು ಎರಕ ಹೊಯ್ದು, ಉಜ್ಜಿ, ಉಳಿಯಿಂದ ಕೊರೆದು, ಬೆಳ್ಳಿಯನ್ನು ಕೂರಿಸಿ, ಮತ್ತೆ ಉಜ್ಜುತ್ತಾರೆ. ಕೊನೆಗೆ ಕೋಟೆಯ ಮಣ್ಣು ಮತ್ತು ನವಸಾಗರದ ಲೇಪ. ಆಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹೊಳೆಯುತ್ತದೆ. ಪರಿಷ್ಕರಣೆಯೂ ಹಾಗೆಯೇ. ನಮ್ಮ ಆಡಂಬರ ಮಾಸಬೇಕು, ಸತ್ಯ ಉಳಿಯಬೇಕು.

ಹೀಗೆ ತಿದ್ದುತ್ತಾ ಕುಳಿತರೆ ಪುಸ್ತಕ ಹೊರಬರುವುದು ಯಾವಾಗ ಎಂದು ಕೆಲವರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಇಮಾಮ್ ಶಾಫಿಈ(ರ) ತಮ್ಮ 'ರಿಸಾಲಾ'ವನ್ನು ಮೊದಲು ಬರೆದು ಹೊರತಂದರು. ಈಜಿಪ್ಟಿಗೆ ಬಂದ ಬಳಿಕ ಅದನ್ನು ಪುನಃ ರಚಿಸಿದರು. ಆನಂತರವೂ ಶಿಷ್ಯರು ಓದಿದಂತೆಲ್ಲ ತಪ್ಪುಗಳು ಸಿಗುತ್ತಲೇ ಇದ್ದಾಗ, ದೋಷರಹಿತವಾದುದು ಅಲ್ಲಾಹನ ಗ್ರಂಥ ಮಾತ್ರವೆಂದು ಅವರು ಒಪ್ಪಿಕೊಂಡರೆಂಬ ವರದಿಯಿದೆ. ಪರಿಪೂರ್ಣತೆಯ ನೆಪದಲ್ಲಿ ಬರಹವನ್ನು ಬಚ್ಚಿಡುವುದು ವಿನಯವಲ್ಲ. ಸಾಧ್ಯವಿದ್ದಷ್ಟು ಪರಿಶೀಲಿಸಿ ಪ್ರಕಟಿಸಬೇಕು. ತಪ್ಪು ತೋರಿಸಿದವರಿಗೆ ಕೃತಜ್ಞರಾಗಿ ಮುಂದಿನ ಮುದ್ರಣದಲ್ಲಿ ತಿದ್ದಬೇಕು.

ಇದರ ಪ್ರತಿಫಲವೇನು? ಕನ್ನಡದಲ್ಲಿ ಧಾರ್ಮಿಕ ಪುಸ್ತಕ ಬರೆದು ಧನಿಕರಾದವರನ್ನು ನಾನು ಕಂಡಿಲ್ಲ. ಆದರೆ ಮನುಷ್ಯನ ಮರಣಾನಂತರವೂ ಮುಂದುವರಿಯುವ ಮೂರು ಕರ್ಮಗಳಲ್ಲಿ ಪ್ರಯೋಜನಕಾರಿಯಾದ ವಿದ್ಯೆಯೂ ಒಂದೆಂದು ಪ್ರವಾದಿವರ್ಯರು(ಸ) ತಿಳಿಸಿದ್ದಾರೆ. ನಾವು ಮಣ್ಣಾದ ಬಳಿಕವೂ ಪುಸ್ತಕ ಮಾತನಾಡುತ್ತಿರುತ್ತದೆ. ಅದರಲ್ಲಿನ ಸತ್ಯ ಹರಿಯುವಂತೆ, ತಿದ್ದದೆ ಬಿಟ್ಟ ತಪ್ಪೂ ಹರಿಯುತ್ತದೆ. ಆಗ ಅದನ್ನು ತಿದ್ದಲು ನಮ್ಮ ಕೈಯಲ್ಲಿ ಲೇಖನಿ ಇರುವುದಿಲ್ಲ.

ಆದ್ದರಿಂದ ಬರೆಯೋಣ, ಬರೆದದ್ದನ್ನು ಮತ್ತೆ ಓದೋಣ, ತಪ್ಪಿದ್ದಲ್ಲಿ ಸಂಕೋಚವಿಲ್ಲದೆ ಅಳಿಸೋಣ. ಲೇಖನಿಯ ಮೂಲಕ ಕಲಿಸಿದ ಅಲ್ಲಾಹನು ನಮ್ಮ ಲೇಖನಿಗಳನ್ನು ಸತ್ಯದ ಮೇಲೆ ಸ್ಥಿರಗೊಳಿಸಲಿ. ಆಮೀನ್.