ಅಟ್ಟದ ಮೇಲಿನ ಯಂತ್ರ, ಗುಡಿಸುವವರ ಉಸಿರು



ನಮ್ಮ ಎಷ್ಟೋ ಮನೆಗಳ ಅಟ್ಟದ ಮೇಲೆ, ಹಳೆಯ ಟ್ರಂಕು ಮತ್ತು ಕ್ರಿಸ್ಮಸ್ ಗೋದಲಿಯ ಪೆಟ್ಟಿಗೆಗಳ ನಡುವೆ ಒಂದು ವ್ಯಾಕ್ಯೂಮ್ ಕ್ಲೀನರ್ ಮಲಗಿರುತ್ತದೆ. 1982ರಲ್ಲಿ ಯುರೇಕಾ ಫೋರ್ಬ್ಸ್ ಕಂಪನಿ ಆರಂಭವಾದ ಮೇಲೆ, ಟೈ ಕಟ್ಟಿದ ಯುವಕರು ಬಾಗಿಲು ತಟ್ಟಿ, ನಮ್ಮದೇ ಸೋಫಾದ ಧೂಳನ್ನು ನಮಗೇ ತೋರಿಸಿ ಇದನ್ನು ಮಾರಿದರು. ಕೆಲವು ವರ್ಷ ಚೆನ್ನಾಗಿ ಓಡಿತು. ಆಮೇಲೆ ಎಳೆತ ಕಡಿಮೆಯಾಯಿತು, ಸದ್ದು ಜಾಸ್ತಿಯಾಯಿತು. ಯಂತ್ರ ಅಟ್ಟಕ್ಕೆ ಹೋಯಿತು, ಪೊರಕೆ ಮತ್ತೆ ಕೈಗೆ ಬಂತು.

ಯಾರ ಕೈಗೆ? ಈ ಪ್ರಶ್ನೆಗಾಗಿಯೇ ಈ ಸಲದ ಮಾತು.

ನಮ್ಮ ಸೇಲಂ, ಧರ್ಮಪುರಿ ಸೀಮೆಯ ಧೂಳು ಸಾಮಾನ್ಯದ್ದಲ್ಲ. ಸೇಲಂ ಪಕ್ಕದಲ್ಲೇ, ಏರ್ಕಾಡು ಬೆಟ್ಟದ ಬುಡದಲ್ಲಿ, ಮ್ಯಾಗ್ನೆಸೈಟ್ ಸಿಗುವ ಬಿಳಿ ಗುಡ್ಡಗಳಿವೆ. ಕನ್ನಡ ಮಾತಾಡುವ ದೇವಾಂಗ ನೇಕಾರರ ಬೀದಿಗಳಲ್ಲಿ, ಮಗ್ಗದ ಮನೆಗಳಲ್ಲಿ, ಹತ್ತಿಯ ನವಿರಾದ ಎಳೆ ಗಾಳಿಯಲ್ಲಿ ತೇಲುತ್ತದೆ. ಧರ್ಮಪುರಿ ಕಡೆ ರಾಗಿ ಒಕ್ಕಣೆಯ ಹೊಟ್ಟು, ಬೇಸಿಗೆಯ ಕೆಮ್ಮಣ್ಣು. ಒಣ ಪೊರಕೆ ಆಡಿಸಿದರೆ ಇದರಲ್ಲಿ ಒಂದು ಪಾಲು ಗಾಳಿಗೆ ಏಳುತ್ತದೆ. ಮೊದಲು ಸೇರುವುದು ಗುಡಿಸುವವರ ಮೂಗಿಗೆ. ಅಜ್ಜಿಗೆ, ಸೊಸೆಗೆ, ಮನೆಗೆಲಸದ ಅಕ್ಕನಿಗೆ, ಭಾನುವಾರದ ಪೂಜೆಗೆ ಮುಂಚೆ ದೇವಾಲಯ ಗುಡಿಸುವ ತಾಯಿಗೆ. ನಾವು ಬಂದು ಕೂರುವಾಗ ಬೆಂಚು ಥಳಥಳ ಹೊಳೆಯುತ್ತದೆ. ಅವರ ಕೆಮ್ಮು ನಮಗೆ ಕೇಳಿಸುವುದಿಲ್ಲ.

ಈ ಯಂತ್ರ ಹುಟ್ಟಿದ ಕಥೆಯಲ್ಲೂ ಇದೇ ಕೆಮ್ಮು ಇದೆ. ಲಂಡನ್ನಿನಲ್ಲಿ 1901ರಲ್ಲಿ ಹ್ಯೂಬರ್ಟ್ ಬೂತ್ ಎಂಬ ಇಂಜಿನಿಯರು ಧೂಳೆಳೆಯುವ ಯಂತ್ರ ಮಾಡಿದರು. ಅದು ಕುದುರೆಗಾಡಿಯ ಮೇಲೆ ಬರುವಷ್ಟು ದೊಡ್ಡದು, ದೊಡ್ಡವರ ಮನೆಗಳಿಗೆ ಮಾತ್ರ. ಮನೆಯಲ್ಲಿ ಕೈಯಿಂದ ಎತ್ತಾಡುವ ವಿದ್ಯುತ್ ಯಂತ್ರಕ್ಕೆ ದಾರಿ ತೋರಿಸಿದವರು ಅಮೆರಿಕದ ಓಹಾಯೋ ರಾಜ್ಯದ ಕ್ಯಾಂಟನ್ ಊರಿನ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್. ಅವರು ಒಂದು ಅಂಗಡಿಯಲ್ಲಿ ನೆಲ ಶುಚಿ ಮಾಡುವ ಕೆಲಸದವರು, ಆಸ್ತಮಾ ರೋಗಿ. ಧೂಳು ಅವರ ಉಸಿರು ಕಟ್ಟಿಸುತ್ತಿತ್ತು. ಒಂದು ಫ್ಯಾನಿನ ಮೋಟಾರು, ಪೊರಕೆಯ ಹಿಡಿ, ದಿಂಬಿನ ಚೀಲ ಸೇರಿಸಿ ಯಂತ್ರ ಕಟ್ಟಿದರು. 1908ರಲ್ಲಿ ಪೇಟೆಂಟ್ ಸಿಕ್ಕಿತು. ಅದನ್ನು ಕೊಂಡ ಹೂವರ್ ಕುಟುಂಬದ ಹೆಸರು ಲೋಕಕ್ಕೆಲ್ಲ ಗೊತ್ತಾಯಿತು. ಆದರೆ ಯಂತ್ರ ಹುಟ್ಟಿದ್ದು ಗುಡಿಸುವವನೊಬ್ಬನ ಉಸಿರಿಗಾಗಿ ಎಂಬುದನ್ನು ನಾವು ಮರೆಯಬಾರದು.

ಹಾಗಾದರೆ ಅಟ್ಟದಿಂದ ಇಳಿಸೋಣ. ಮೊದಲ ಮಾತು: ಕೆಟ್ಟಿದೆ ಎಂದು ಬಿಟ್ಟ ಯಂತ್ರಗಳಲ್ಲಿ ಎಷ್ಟೋ ಕೆಟ್ಟಿರುವುದಿಲ್ಲ, ಕಟ್ಟಿಕೊಂಡಿರುತ್ತವೆ. ಒಳಗಿನ ಫ್ಯಾನು ಗಾಳಿಯನ್ನು ಹೊರಕ್ಕೆ ತಳ್ಳುತ್ತದೆ, ಆ ಜಾಗ ತುಂಬಲು ಹೊರಗಿನ ಗಾಳಿ ಧೂಳಿನ ಸಮೇತ ಒಳಗೆ ನುಗ್ಗುತ್ತದೆ. ಗಾಳಿಯ ದಾರಿ ಮುಚ್ಚಿದರೆ ಮೋಟಾರು ಎಷ್ಟು ಕೂಗಿದರೂ ಕೆಲಸವಾಗದು. ಅನೇಕ ಯಂತ್ರಗಳಲ್ಲಿ ಮೋಟಾರನ್ನು ತಣ್ಣಗಿಡುವುದೂ ಅದೇ ಗಾಳಿ. ಕಟ್ಟಿಕೊಂಡ ಯಂತ್ರವನ್ನು ಓಡಿಸುತ್ತಲೇ ಇದ್ದರೆ ಮೋಟಾರು ಸುಡುತ್ತದೆ.

ಪ್ಲಗ್ ಹಾಕುವ ಮುಂಚೆ ವೈರನ್ನು ಉದ್ದಕ್ಕೂ ನೋಡಿ. ಇಲಿ ಕಚ್ಚಿದ್ದರೆ, ಬಿರುಕು ಬಿಟ್ಟಿದ್ದರೆ ಟೇಪ್ ಸುತ್ತಿ ಸಮಾಧಾನಪಡದೆ ಹೊಸ ವೈರು ಹಾಕಿಸಿ. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಅಂಗಳದಲ್ಲಿ ಧೂಳಿನ ಚೀಲ ಬಿಚ್ಚಿ. ತೊಳೆಯುವಂಥ ಬಟ್ಟೆಯ ಚೀಲವಾದರೆ ತೊಳೆದು ಚೆನ್ನಾಗಿ ಒಣಗಿಸಿ, ಒದ್ದೆ ಚೀಲ ಮೋಟಾರಿಗೆ ಶತ್ರು. ಹರಿದಿದ್ದರೆ ಬೇರೆ ಹಾಕಿ. ಹರಿದ ಚೀಲದ ಯಂತ್ರ ಮುಂದಿನಿಂದ ಎಳೆದ ಧೂಳನ್ನು ಹಿಂದಿನಿಂದ ಉಗುಳುತ್ತದೆ, ಅದು ಪೊರಕೆಗಿಂತ ಕಡೆ. ಪೈಪನ್ನು ಎತ್ತಿ ಹಿಡಿದು ಒಂದು ಗೋಲಿ ಬಿಡಿ. ಆ ಕಡೆಯಿಂದ ಬಂದರೆ ದಾರಿ ತೆರೆದಿದೆ, ಬರದಿದ್ದರೆ ಕಸ ಎಲ್ಲಿದೆ ಎಂದು ತಿಳಿಯಿತು.

ಇಷ್ಟಾದ ಮೇಲೂ ಮೋಟಾರು ಕಿಡಿ ಹಾರಿಸಿದರೆ, ಸುಟ್ಟ ವಾಸನೆ ಬಂದರೆ, ಒಳಗಿನ ಕಾರ್ಬನ್ ಬ್ರಷ್ ಸವೆದಿರಬಹುದು. ಕೀಚಲು ಸದ್ದಾದರೆ ಬೇರಿಂಗ್ ಇರಬಹುದು. ಇದನ್ನು ನೀವು ಬಿಚ್ಚಬೇಡಿ. ಊರಿನ ಮಿಕ್ಸಿ ರಿಪೇರಿಯವರ ಹತ್ತಿರ ಒಯ್ಯಿರಿ. ಮಿಕ್ಸಿಯ ಮೋಟಾರೂ ಇದೂ ಒಂದೇ ಜಾತಿ, ಅಣ್ಣ ತಮ್ಮ ಇದ್ದ ಹಾಗೆ. ಅಂಥ ಅಂಗಡಿ ಸೇಲಂನಲ್ಲೂ ಇದೆ, ಧರ್ಮಪುರಿಯಲ್ಲೂ ಇದೆ. ಆ ಅಣ್ಣನಿಗೂ ನಾಲ್ಕು ಕಾಸು ಸಿಗಲಿ.

ಸರಿಯಾದ ಮೇಲೆ ಒಲೆಯ ಬಿಸಿ ಬೂದಿ, ನೀರು, ಸುಣ್ಣ, ಸಿಮೆಂಟಿನ ಪುಡಿಯನ್ನು ಮಾತ್ರ ಎಳೆಸಬೇಡಿ. ಬದುಕುವುದೇ ಇಲ್ಲ ಎಂದಾದರೆ ಕಸದ ಗುಂಡಿಗೆ ಎಸೆಯದೆ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ. ಅದಕ್ಕೆಂದೇ ನಮ್ಮ ದೇಶದಲ್ಲಿ ಹೊಸ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಪೋಪ್ ಫ್ರಾನ್ಸಿಸ್ 2015ರಲ್ಲಿ ಹೊರಡಿಸಿದ ‘ಲೌದಾತೊ ಸಿ’ ಪರಿಪತ್ರದಲ್ಲಿ ಬಳಸಿ ಬಿಸಾಡುವ ನಮ್ಮ ಚಟದ ಬಗ್ಗೆ ಎಚ್ಚರಿಸಿದ್ದರು. ಬಿಸಾಡುವ ಕೈ ವಸ್ತುವಿನಲ್ಲಿ ನಿಲ್ಲುವುದಿಲ್ಲ, ವಯಸ್ಸಾದವರನ್ನೂ ಕೆಲಸದವರನ್ನೂ ಮರೆಯುತ್ತದೆ.

ಸಂತ ಲೂಕನ ಶುಭಸಂದೇಶದ 15ನೇ ಅಧ್ಯಾಯವನ್ನು ನೆನೆಯಿರಿ. ಕಳೆದುಹೋದ ಒಂದು ನಾಣ್ಯಕ್ಕಾಗಿ ಹೆಂಗಸೊಬ್ಬಳು ದೀಪ ಹಚ್ಚಿ ಮನೆಯೆಲ್ಲ ಗುಡಿಸುತ್ತಾಳೆ. ಪಾಪಿಯನ್ನು ಹುಡುಕುವ ದೇವರ ಪ್ರೀತಿಯನ್ನು ಯೇಸುಸ್ವಾಮಿ ಪೊರಕೆ ಹಿಡಿದ ಹೆಂಗಸಿನ ಹೋಲಿಕೆಯಲ್ಲಿ ತೋರಿಸಿದರು. ಗುಡಿಸುವ ಕೈಗೆ ಇದಕ್ಕಿಂತ ದೊಡ್ಡ ಮರ್ಯಾದೆ ಬೇಕೆ?

ಮುಂದಿನ ಶನಿವಾರ ಒಂದು ಗಂಟೆ ಬಿಡುವು ಮಾಡಿಕೊಳ್ಳಿ. ಮನೆಯ ಗಂಡಸರೂ ಮಕ್ಕಳೂ ಕೂಡಿ ಯಂತ್ರವನ್ನು ಇಳಿಸಿ ಶುಚಿ ಮಾಡಿ. ಧರ್ಮಕೇಂದ್ರದ ಉಗ್ರಾಣದಲ್ಲೂ ಒಂದು ಬಿದ್ದಿದೆಯೇ ಎಂದು ಗುರುಗಳನ್ನು ಕೇಳಿ. ಅದು ಮತ್ತೆ ಓಡಿದ ದಿನ, ಮನೆಯಲ್ಲಿ ಇಷ್ಟು ದಿನ ಗುಡಿಸಿದವರನ್ನು ಕೂರಿಸಿ, ಒಂದು ಲೋಟ ಕಾಫಿ ಕೊಡಿ. ಅವತ್ತು ಪೈಪು ಬೇರೆಯವರ ಕೈಯಲ್ಲಿರಲಿ.