ಸ್ಕಾಲರ್‌ಶಿಪ್ ಬಂತು, ಗಿರಿಜನ ಮಕ್ಕಳು ಅಲ್ಲಿವರೆಗೆ ಮುಟ್ಟಬೇಕಲ್ಲ

ಕೊಪ್ಪ: ಸರ್ಕಾರಿ ಶಾಲೆಯಲ್ಲಿ ಓದಿದ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ಕೊಡುವ ವಿದ್ಯಾರ್ಥಿವೇತನ 2025ರಲ್ಲಿ ನಮ್ಮ ರಾಜ್ಯಕ್ಕೂ ಬಂತು. ವರ್ಷಕ್ಕೆ 30,000 ರೂಪಾಯಿ, ಡಿಗ್ರಿ ಅಥವಾ ಡಿಪ್ಲೊಮಾ ಮುಗಿಯುವವರೆಗೆ. ಒಳ್ಳೇ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೊಪ್ಪ, ಶೃಂಗೇರಿ, ಎನ್.ಆರ್.ಪುರದ ಗೌಡಲು, ಹಸಲರು, ಮಲೆಕುಡಿಯ ಮನೆಗಳ ಕಡೆಯಿಂದ ನೋಡಿದರೆ ಈ ದುಡ್ಡು ಸಿಗೋದು ದಾರಿಯ ಕೊನೇ ತಿರುವಿನಲ್ಲಿ.

ಇದು ಎಸ್‌ಟಿ ಮಕ್ಕಳಿಗೇ ಅಂತ ಇಟ್ಟ ಯೋಜನೆ ಅಲ್ಲ. ಎಸ್ಸೆಸ್ಸೆಲ್ಸಿ, ಪಿಯುಸಿ ಎರಡನ್ನೂ ಸರ್ಕಾರಿ ಶಾಲೆ-ಕಾಲೇಜಲ್ಲೇ ಪಾಸ್ ಮಾಡಿರಬೇಕು. ಗಂಡುಮಕ್ಕಳಿಗೆ ಇಲ್ಲ. ಒಂಬತ್ತನೇ ಕ್ಲಾಸಿಗೇ ಸ್ಕೂಲ್ ಬಿಟ್ಟು ತೋಟದ ಕೆಲಸಕ್ಕೆ ಹೋದ ಹುಡುಗಿಗೂ ಇಲ್ಲ.

ಆ ವಯಸ್ಸಿಗೆ ಸಿಗೋದು ಸರ್ಕಾರದ ದುಡ್ಡು. ಕೇಂದ್ರದ ಪ್ರಿ-ಮೆಟ್ರಿಕ್ ಯೋಜನೆಯಲ್ಲಿ 9 ಮತ್ತು 10ನೇ ಕ್ಲಾಸಿನ ಎಸ್‌ಟಿ ಮಗು ಮನೆಯಿಂದ ಹೋಗಿಬಂದರೆ ತಿಂಗಳಿಗೆ 225 ರೂಪಾಯಿ, ಹಾಸ್ಟೆಲಲ್ಲಿದ್ದರೆ 525. ಅದೂ ವರ್ಷಕ್ಕೆ 10 ತಿಂಗಳು. 225 ಅಂದ್ರೆ ತೋಟದ ಒಂದು ದಿನದ ಕೂಲಿಗೂ ಸಮ ಇಲ್ಲ. ಅಡಿಕೆ ಕೊಯ್ಲಿನ ಟೈಮಲ್ಲಿ ಮನೆಯವರು ಯಾವುದನ್ನ ಲೆಕ್ಕ ಹಾಕ್ತಾರೆ ಅಂತ ಬೇರೆ ಹೇಳಬೇಕಿಲ್ಲ.

ಪಿಯುಸಿಯಿಂದ ಮೇಲೆ ಪೋಸ್ಟ್-ಮೆಟ್ರಿಕ್ ಇದೆ. ಖರ್ಚಲ್ಲಿ ಕೇಂದ್ರದ್ದು ಶೇ. 75, ರಾಜ್ಯದ್ದು ಶೇ. 25. ಮನೆಯ ಆದಾಯ ವರ್ಷಕ್ಕೆ ಎರಡೂವರೆ ಲಕ್ಷ ದಾಟಬಾರದು. ಅರ್ಜಿ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ. ಜಾತಿ, ಆದಾಯ ಸರ್ಟಿಫಿಕೇಟಿನ ಆರ್‌ಡಿ ನಂಬರ್ ಹಾಕಬೇಕು, ಬ್ಯಾಂಕ್ ಖಾತೆಗೆ ಆಧಾರ್ ಸೀಡಿಂಗ್ ಆಗಿರಬೇಕು.

ಸಿಕ್ಕಿಹಾಕಿಕೊಳ್ಳೋದು ಇಲ್ಲೇ. ನಾವು ಬಾಯಲ್ಲಿ ಹೇಳೋದು ಮಲೆಕುಡಿಯ, ಎಸ್‌ಟಿ ಪಟ್ಟಿಯಲ್ಲಿರೋದು 'ಮಲೈಕುಡಿ'. ಶಾಲೆಯ ದಾಖಲಾತಿಯಲ್ಲಿ 'ಗೌಡಲು' ಬದಲು ಬರೀ 'ಗೌಡ' ಅಂತ ಬಿದ್ದಿದ್ರೆ ತಾಲ್ಲೂಕು ಕಚೇರಿಗೆ ಅಲೆದಾಟ ಶುರು. ಒಂದು ಅಕ್ಷರಕ್ಕೆ ಅಪ್ಪನ ಮೂರ್ನಾಲ್ಕು ದಿನದ ಕೂಲಿ ಹೋಗುತ್ತೆ.

ಬಸ್ಸಿನ ಕತೆ ಅಂಗಡಿಯವರಿಗೆ ನನಗಿಂತ ಚೆನ್ನಾಗಿ ಗೊತ್ತು. ಕೊಪ್ಪದ ಕಾರ್ಮಿಕರೇ 1991ರಲ್ಲಿ ಕಟ್ಟಿದ ಸಹಕಾರ ಸಾರಿಗೆ ಹಳ್ಳಿ ಹಳ್ಳಿಗೆ ಓಡುತ್ತಿತ್ತು, ಸ್ಟೂಡೆಂಟ್‌ಗಳಿಗೆ ರಿಯಾಯಿತಿ ಕೊಡುತ್ತಿತ್ತು. 2020ರಲ್ಲಿ ನಿಂತಿತು. ಶಕ್ತಿ ಯೋಜನೆಯ ಫ್ರೀ ಟಿಕೆಟ್ ನಡೆಯೋದು ಸರ್ಕಾರಿ ಬಸ್ಸಲ್ಲಿ ಮಾತ್ರ. ಸರ್ಕಾರಿ ಬಸ್ಸೇ ಬಾರದ ಊರಿನ ಹುಡುಗಿಗೆ ಅದರಿಂದ ಏನು ಬಂತು?

ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ 1981ರಲ್ಲಿ ಶುರುಮಾಡಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕೆಲಸ ಹಿಡಿದಿದ್ದು ಕೆಳಗಿನಿಂದ. ಆಸ್ಪತ್ರೆ ಜೊತೆಗೆ ಸೋಲಿಗರ ಮಕ್ಕಳಿಗೆ ಅಲ್ಲೇ ಶಾಲೆ, ಅಲ್ಲೇ ಹಾಸ್ಟೆಲ್. ಕಾಲೇಜಿನ ಮಾತು ಆಮೇಲೆ.

ನಮ್ಮಲ್ಲಿ ಅಷ್ಟು ದೊಡ್ಡದು ನಾಳೆಯೇ ಆಗೋದಿಲ್ಲ. ಆದರೆ ಜೂನ್ ಬಂದರೆ ನೋಟ್‌ಬುಕ್ ಹಂಚಿ ಫೋಟೋ ತೆಗೆಸಿಕೊಳ್ಳುವ ಸಂಘಗಳು ಮೂರೂ ತಾಲ್ಲೂಕಲ್ಲಿವೆ. ಅದೇ ದುಡ್ಡಲ್ಲಿ ಪ್ರೌಢಶಾಲೆಯ ನಾಲ್ಕು ಮಕ್ಕಳಿಗೆ ವರ್ಷವಿಡೀ ಬಸ್ ಚಾರ್ಜ್ ಕಟ್ಟಬಹುದು. ಸೈಬರ್ ಅಂಗಡಿಯವರು ಅರ್ಜಿ ಹಾಕುವ ಮೊದಲು ಆಧಾರ್ ಸೀಡಿಂಗ್ ಆಗಿದೆಯಾ ಅಂತ ನೋಡಿ ಹೇಳಿದರೂ ಸಾಕು. ಮನೆಯವರು ಎಂಟನೇ ಕ್ಲಾಸಲ್ಲೇ ಹೆಡ್‌ಮಾಸ್ಟರ್ ಹತ್ರ ಹೋಗಿ ದಾಖಲಾತಿಯಲ್ಲಿ ಜಾತಿ ಹೆಸರು ಸರಿಯಾಗಿದೆಯಾ ಕೇಳಿ. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ತಿದ್ದಿಸೋದು ಕಷ್ಟ.