ದೋಣಿಯಲ್ಲಿ ಬಿಡಾರ, ದ್ರಾಕ್ಷಿ ತೋಟಕ್ಕೆ ಕಾಲ್ನಡಿಗೆ

ಕ್ರೊಯೇಷಿಯಾದ ಡಾಲ್ಮೇಷಿಯಾ ಕರಾವಳಿಯಲ್ಲಿ ಬೇಸಿಗೆ ಬಂತೆಂದರೆ ಪ್ರವಾಸಿಗರ ದಂಡೇ ಇಳಿಯುತ್ತದೆ. ಸ್ಪ್ಲಿಟ್ ಬಂದರಿನಿಂದ ಬೆಳಿಗ್ಗೆ ಹೊರಡುವ ವೇಗದ ದೋಣಿಗಳು ಒಂದೇ ದಿನದಲ್ಲಿ ನಾಲ್ಕೈದು ದ್ವೀಪ ಮುಟ್ಟಿಸಿ, ಸಂಜೆಗೆ ವಾಪಸ್ ತಂದು ಬಿಡುತ್ತವೆ. ಹೀಗೆ ಬಂದವರು ದಕ್ಕೆಯ ಸುತ್ತ ಅಡ್ಡಾಡಿ, ಫೋಟೊ ತೆಗೆದುಕೊಂಡು ಹೊರಟುಬಿಡುತ್ತಾರೆ. ಊರಿನ ಬೆನ್ನಿಗೇ ಇರುವ ದ್ರಾಕ್ಷಿ ತೋಟಗಳತ್ತ ಹೋಗಲು ಅವರಿಗೆ ಪುರುಸೊತ್ತಿಲ್ಲ. ಅದೇ ದಕ್ಕೆಗೆ ಸಣ್ಣ ಹಾಯಿದೋಣಿ ಕಟ್ಟಿ, ಅದರಲ್ಲೇ ಅಡುಗೆ ಮಾಡಿಕೊಂಡು, ಅದರಲ್ಲೇ ಮಲಗಿ, ಹಗಲು ಹೊತ್ತು ತೋಟದಿಂದ ತೋಟಕ್ಕೆ ನಡೆಯುವ ಇನ್ನೊಂದು ಬಗೆಯ ಪ್ರವಾಸಿಗರೂ ಇದ್ದಾರೆ. ಈ ದ್ವೀಪಗಳಲ್ಲಿ ಬೇಸಾಯ ಉಳಿಯಬೇಕಾದರೆ ಅಲ್ಲಿನ ಸ್ಥಳೀಯ ಆಡಳಿತಗಳು ಕರೆದು ಕೂರಿಸಬೇಕಾದದ್ದು ಇವರನ್ನು.

ಯಾಕೆಂದು ತಿಳಿಯಲು ಕೊರ್ಚುಲಾ ದ್ವೀಪದ ಲುಂಬಾರ್ಡಾ ಎಂಬ ಹಳ್ಳಿಗೆ ಹೋಗಬೇಕು. ಕೊರ್ಚುಲಾ ಪಟ್ಟಣದಿಂದ ಆರೇಳು ಕಿಲೋಮೀಟರ್ ದೂರ. ದಕ್ಕೆಯಲ್ಲಿ ದೋಣಿ ಕಟ್ಟಿ ಸ್ವಲ್ಪ ನಡೆದರೆ ಕಾಲ ಕೆಳಗಿನ ನೆಲ ಮರಳಾಗುತ್ತದೆ. ಗ್ರ್ಕ್ ಎಂಬ ಬಿಳಿ ದ್ರಾಕ್ಷಿಯ ನೆಲೆ ಇದು. ಗ್ರ್ಕ್ ಬಳ್ಳಿಯ ಹೂಗಳು ಹೆಣ್ಣು ಹೂಗಳಂತೆ ಮಾತ್ರ ಕೆಲಸ ಮಾಡುತ್ತವೆ. ತಾವಾಗಿಯೇ ಕಾಯಿ ಕಟ್ಟಲಾರವು. ಹಾಗಾಗಿ ರೈತರು ನಡುನಡುವೆ ಪ್ಲಾವಾಟ್ಸ್ ಮಾಲಿ ಎಂಬ ಕಪ್ಪು ದ್ರಾಕ್ಷಿಯ ಬಳ್ಳಿ ನೆಡುತ್ತಾರೆ. ಅದರ ಪರಾಗ ತಾಗಿದರೆ ಮಾತ್ರ ಗ್ರ್ಕ್ ಫಸಲು. ಇಲ್ಲಿ ವೈನ್ ಮಾಡುವುದು ಬಹುಪಾಲು ಸಣ್ಣ ಸಣ್ಣ ಕುಟುಂಬಗಳು. ದ್ವೀಪದಾಚೆ ಗ್ರ್ಕ್ ಸಿಗುವುದು ಅಪರೂಪ. ರಫ್ತು ಮಾಡುವಷ್ಟು ಬೆಳೆ ಇಲ್ಲದ ರೈತನಿಗೆ ಬಾಗಿಲಿಗೇ ಬಂದು ಬಾಟಲಿ ಕೊಳ್ಳುವ ಗಿರಾಕಿಯೇ ಆಧಾರ. ಅರ್ಧ ಗಂಟೆ ನಿಂತು ಹೋಗುವ ದೋಣಿಯಿಂದ ಅಂಥ ಗಿರಾಕಿ ಇಳಿಯುವುದಿಲ್ಲ.

ಹ್ವಾರ್ ದ್ವೀಪದ ಸ್ಟಾರಿ ಗ್ರಾದ್ ಇನ್ನೂ ದೊಡ್ಡ ಉದಾಹರಣೆ. ಕ್ರಿ.ಪೂ. 384ರಲ್ಲಿ ಏಜಿಯನ್ ಸಮುದ್ರದ ಪಾರೋಸ್ ದ್ವೀಪದ ಗ್ರೀಕರು ಇಲ್ಲಿಗೆ ಬಂದು ಫಾರೋಸ್ ಎಂಬ ವಸಾಹತು ಕಟ್ಟಿದರು. ಊರ ಪಕ್ಕದ ಬಯಲನ್ನು ಸುಮಾರು 900 ಮೀಟರ್ ಉದ್ದ, 180 ಮೀಟರ್ ಅಗಲದ ಪಟ್ಟಿಗಳಾಗಿ ಅಳೆದು ಹಂಚಿಕೊಂಡರು. ಆ ಅಳತೆಯ ಗುರುತು ಇವತ್ತಿಗೂ ನೆಲದ ಮೇಲಿದೆ. ಅಂದಿನಿಂದ ಇಂದಿನವರೆಗೂ ಇಲ್ಲಿನ ಮುಖ್ಯ ಬೆಳೆ ದ್ರಾಕ್ಷಿ ಮತ್ತು ಆಲಿವ್. 2008ರಲ್ಲಿ ಯುನೆಸ್ಕೊ ಈ ಬಯಲನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಕಾರಿನಲ್ಲಿ ಹೋದವರಿಗೆ ಈ ಬಯಲು ಏನನ್ನೂ ಹೇಳುವುದಿಲ್ಲ. ನಡೆದವರಿಗೆ ಗೋಡೆಗಳು ಕಾಣುತ್ತವೆ. ಗಾರೆಯಿಲ್ಲ, ಸುಣ್ಣವಿಲ್ಲ, ಹೊಲದಲ್ಲಿ ಸಿಕ್ಕ ಕಲ್ಲನ್ನೇ ಆಯ್ದು ಒಂದರ ಮೇಲೊಂದು ಕೂರಿಸಿದ್ದು. ನಮ್ಮ ಬಯಲುಸೀಮೆಯ ಹೊಲಗಳಲ್ಲಿ ಕಲ್ಲು ಆಯ್ದು ಬದುವಿಗೆ ಒಟ್ಟಿದ ಹಾಗೆ, ಆದರೆ ಎದೆಮಟ್ಟಕ್ಕೆ ಎದ್ದು ನಿಂತದ್ದೂ ಉಂಟು. ಅಲ್ಲಲ್ಲಿ ಬಿಸಿಲು ಮಳೆಗೆ ರೈತರು ನುಸುಳಿ ಕೂರಲು ಅದೇ ಕಲ್ಲಿನ ದುಂಡನೆಯ ಗೂಡುಗಳಿವೆ. ಕ್ರೊಯೇಷಿಯಾ ಸೇರಿ ಎಂಟು ದೇಶಗಳ ಈ ಒಣಕಲ್ಲಿನ ಗೋಡೆ ಕಟ್ಟುವ ವಿದ್ಯೆಯನ್ನು ಯುನೆಸ್ಕೊ 2018ರಲ್ಲಿ ಅಮೂರ್ತ ಪರಂಪರೆಯೆಂದು ಗುರುತಿಸಿತು. ಆದರೆ ಗೋಡೆ ಕುಸಿದಾಗ ಕಲ್ಲೆತ್ತಿ ಇಡಬೇಕಾದವನು ರೈತ. ತೋಟದಿಂದ ಹೊಟ್ಟೆ ತುಂಬದಿದ್ದರೆ ಅವನು ಅದನ್ನು ಎತ್ತುವುದಿಲ್ಲ.

ಹಾಗೆ ಕೈಬಿಟ್ಟ ಚರಿತ್ರೆ ಇಲ್ಲಿದೆ. 1891ರಲ್ಲಿ, ಆಗ ಈ ಕರಾವಳಿಯನ್ನು ಆಳುತ್ತಿದ್ದ ಆಸ್ಟ್ರಿಯಾ–ಹಂಗೆರಿ ಇಟಲಿಯೊಡನೆ ಮಾಡಿಕೊಂಡ ವ್ಯಾಪಾರ ಒಪ್ಪಂದ ಅಗ್ಗದ ಇಟಾಲಿಯನ್ ವೈನಿಗೆ ಬಾಗಿಲು ತೆರೆಯಿತು. ಅದರ ಬೆನ್ನಲ್ಲೇ ಬೇರು ಹೀರುವ ಫಿಲೋಕ್ಸೆರಾ ಕೀಟ ಬಂದು ತೋಟಗಳನ್ನು ಒಣಗಿಸಿತು. ಡಾಲ್ಮೇಷಿಯಾದ ಜನ ಅಮೆರಿಕ, ಚಿಲಿ, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗೆ ಗುಳೆ ಎದ್ದರು. ನ್ಯೂಜಿಲೆಂಡಿನಲ್ಲಿ ಕೌರಿ ಮರದ ಅಂಟನ್ನು ನೆಲದಿಂದ ಅಗೆದು ಮಾರುತ್ತಿದ್ದ ಇವರಲ್ಲಿ ಹಲವರು ಮುಂದೆ ಅಲ್ಲಿನ ವೈನ್ ಉದ್ಯಮಕ್ಕೇ ತಳಪಾಯ ಹಾಕಿದರು. 1916ರಲ್ಲಿ ಮೊದಲ ವೈನ್ ಮಾಡಿದ ಬಾಬಿಚ್, 1961ರಲ್ಲಿ ಶುರುವಾದ ವಿಲ್ಲಾ ಮರಿಯಾ ಎರಡರ ಮೂಲವೂ ಡಾಲ್ಮೇಷಿಯಾದ ವಲಸೆ ಕುಟುಂಬಗಳು. ಹಳ್ಳಿಯಲ್ಲಿ ಬದುಕು ಸಾಗುವಂತಿದ್ದರೆ ಆ ಕೈಗಳು ಇಲ್ಲೇ ಉಳಿಯುತ್ತಿದ್ದವು.

ಉಳಿದ ಬಳ್ಳಿಗಳ ಬೆಲೆ ಗೊತ್ತಾದದ್ದು ಬಹಳ ತಡವಾಗಿ. ಕ್ಯಾಲಿಫೋರ್ನಿಯಾದ ಹೆಸರಾಂತ ಜಿನ್‌ಫಂಡೆಲ್ ದ್ರಾಕ್ಷಿಯ ಮೂಲ ಎಲ್ಲಿಯದು ಎಂಬ ಪ್ರಶ್ನೆ ಬಹುಕಾಲ ಕಾಡಿತ್ತು. 2001ರಲ್ಲಿ ಡಿಎನ್‌ಎ ಪರೀಕ್ಷೆ ಅದಕ್ಕೆ ಉತ್ತರ ಕೊಟ್ಟಿತು. ಸ್ಪ್ಲಿಟ್ ಸಮೀಪದ ಕಾಷ್ಟೆಲಾದ ಒಂದು ಹಳೆಯ ತೋಟದಲ್ಲಿ ಬೆರಳೆಣಿಕೆಯಷ್ಟು ಉಳಿದಿದ್ದ ಬಳ್ಳಿಯೇ ಜಿನ್‌ಫಂಡೆಲ್. ಅದರ ಮತ್ತು ಶೋಲ್ಟಾ ದ್ವೀಪದ ದೊಬ್ರಿಚಿಚ್ ತಳಿಯ ಸಂತಾನವೇ ಹ್ವಾರ್‌ನ ದಕ್ಷಿಣದ ಕಡಿದಾದ ಇಳಿಜಾರಿನಲ್ಲಿ ಬೆಳೆಯುವ ಪ್ಲಾವಾಟ್ಸ್ ಮಾಲಿ. ಯಾರೋ ಒಬ್ಬ ರೈತ ಹಳೆಯ ಬಳ್ಳಿಗಳನ್ನು ಕೀಳದೆ ಬಿಟ್ಟಿದ್ದರಿಂದ ಈ ಸಂಬಂಧ ಪತ್ತೆಯಾಯಿತು.

ದೋಣಿಯಲ್ಲಿ ಬಿಡಾರ ಹೂಡಿದವರ ನಿಧಾನ ಗತಿ ಇಂಥ ಊರುಗಳಿಗೆ ಸರಿಹೊಂದುತ್ತದೆ. ಅವರ ದಿನಚರಿಯನ್ನು ಗಾಳಿ ನಿರ್ಧರಿಸುತ್ತದೆ. ಆಗ್ನೇಯದಿಂದ ಯೂಗೊ ಬೀಸತೊಡಗಿದರೆ ದೊಡ್ಡ ಅಲೆಗಳೇಳುತ್ತವೆ. ಈಶಾನ್ಯದ ಬೂರಾ ಥಟ್ಟನೆ ಬಡಿಯುತ್ತದೆ. ಗಾಳಿ ಇಳಿಯುವವರೆಗೆ ದೋಣಿ ಬಿಚ್ಚುವಂತಿಲ್ಲ. ಆ ದಿನಗಳಲ್ಲಿ ಅವರು ಬೆನ್ನಿಗೊಂದು ಚೀಲ ಹಾಕಿಕೊಂಡು ಒಳನಾಡಿಗೆ ನಡೆಯುತ್ತಾರೆ, ಊರಿನ ಅಂಗಡಿಯಲ್ಲಿ ಬ್ರೆಡ್ಡು, ತರಕಾರಿ ಕೊಳ್ಳುತ್ತಾರೆ, ನೆಲಮಾಳಿಗೆಯ ಪೀಪಾಯಿಗಳ ಮುಂದೆ ನಿಂತು ಮಾತಾಡುತ್ತಾರೆ. ವೈನ್ ರುಚಿ ನೋಡಿದವರಿಗೆ ವಾಹನ ನಡೆಸುವ ಗೊಡವೆಯೂ ಇಲ್ಲ.

ಇದನ್ನು ಉಳ್ಳವರ ಶೋಕಿ ಎನ್ನುವವರಿದ್ದಾರೆ. ಬಾಡಿಗೆ ದೋಣಿ ಅಗ್ಗವಲ್ಲ, ನಿಜ. ಅದಕ್ಕಿಂತ ಗಂಭೀರವಾದ ಆಕ್ಷೇಪ ಲಂಗರಿನದು. ಈ ಸಮುದ್ರದ ತಳದಲ್ಲಿ ಪೊಸಿಡೋನಿಯಾ ಎಂಬ ಸಸ್ಯದ ಹುಲ್ಲುಗಾವಲಿದೆ. ಪಾಚಿಯಲ್ಲ, ಬೇರು, ಎಲೆ, ಹೂ ಬಿಡುವ ಗಿಡ. ಮೀನುಮರಿಗಳಿಗೆ ಅದೇ ಆಸರೆ. ಬೆಳೆಯುವುದು ಬಲು ನಿಧಾನ. ಒಂದು ಲಂಗರು ಎಳೆದು ಕಿತ್ತ ಜಾಗ ಮತ್ತೆ ತುಂಬಲು ದಶಕಗಳೇ ಬೇಕು. ದ್ರಾಕ್ಷಿ ರೈತನಿಗೆ ನಾಲ್ಕು ಕಾಸು ಕೊಟ್ಟು ಮೀನುಗಾರನ ಹೊಟ್ಟೆಗೆ ಹೊಡೆಯುವ ಪ್ರವಾಸವನ್ನು ಯಾರೂ ಸಮರ್ಥಿಸಲಾಗದು.

ಇದಕ್ಕೆ ಪರಿಹಾರ ದುಬಾರಿಯದೇನಲ್ಲ. ಹುಲ್ಲುಗಾವಲಿರುವ ಕೊಲ್ಲಿಗಳಲ್ಲಿ ಲಂಗರು ನಿಷೇಧಿಸಿ, ದೋಣಿ ಕಟ್ಟಲು ಸಮುದ್ರತಳಕ್ಕೆ ಬಿಗಿದ ಬೋಯ್‌ಗಳನ್ನು ಹಾಕಬೇಕು. ದೋಣಿಗಳ ಶೌಚದ ನೀರನ್ನು ದಕ್ಕೆಯಲ್ಲೇ ಹೀರಿಕೊಳ್ಳುವ ವ್ಯವಸ್ಥೆ ಬೇಕು. ಸಣ್ಣ ದೋಣಿಗಳಿಗೆ ಜಾಗ ಮೀಸಲಿಟ್ಟು, ಕಟ್ಟುವ ಶುಲ್ಕದ ಒಂದು ಪಾಲನ್ನು ತೋಟದ ಕಾಲುದಾರಿ ಮತ್ತು ಕಲ್ಲುಗೋಡೆಗಳ ದುರಸ್ತಿಗೆಂದೇ ತೆಗೆದಿಡಬೇಕು. ಹೋಗುವವರ ಪಾಲಿನ ಹೊಣೆಯೂ ಇದೆ. ಜುಲೈ–ಆಗಸ್ಟ್‌ನ ನೂಕುನುಗ್ಗಲು ಬಿಟ್ಟು ಸೆಪ್ಟೆಂಬರ್‌ನಲ್ಲಿ ಹೋಗಲಿ. ಅದು ಕೊಯ್ಲಿನ ಕಾಲವಾದ್ದರಿಂದ ಮೊದಲೇ ಫೋನ್ ಮಾಡಿ ರೈತರಿಗೆ ಬಿಡುವಾದ ಹೊತ್ತು ಕೇಳಿಕೊಳ್ಳಲಿ, ರುಚಿ ನೋಡಿದ ಮೇಲೆ ಒಂದೆರಡು ಬಾಟಲಿಯನ್ನಾದರೂ ಅಲ್ಲೇ ಕೊಳ್ಳಲಿ.